ವೈಫೈ ಐತೆ, ನೆಟ್ ಇಲ್ಲ

ಬೆಳಿಗ್ಗೆ ಮೈಲಾರಿ ಹಲ್ಲುಜ್ಜುತ್ತಿರುವಾಗ ಅಕ್ಕ ಪುಷ್ಪಾ ಓಡಿಬಂದು ಅವನ ಭುಜ ಹಿಡಿದು ತಿರುಗಿಸಿದಳು. ಎಡಗೈಯಲ್ಲಿ ಅವಳ ಬಟನ್ ಫೋನು, ಬಲಗೈಯಲ್ಲಿ ಮಾತು.

"ಲಕ್ಷ್ಮೀದೇವಿಗೆ ನೋವು ಶುರುವಾಗೈತಂತೆ. ಚನ್ನಗಿರಿ ಆಸ್ಪತ್ರೆಗೆ ಕರ್ಕೊಂಡು ಬಂದಾರೆ. ನಿನ್ ಫೋನ್ ತೆಗಿ."

ಮೈಲಾರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಹೆಂಡತಿ ಲಕ್ಷ್ಮೀದೇವಿಗೂ ಅಷ್ಟೆ. ಇಬ್ಬರೂ ದಾವಣಗೆರೆಯ ಕಿವುಡ ಮಕ್ಕಳ ಶಾಲೆಯಲ್ಲಿ ಒಟ್ಟಿಗೆ ಓದಿ, ಜಗಳಾಡಿ, ಕೊನೆಗೆ ಎರಡೂ ಮನೆಯವರನ್ನು ಒಪ್ಪಿಸಿ ಮದುವೆಯಾದವರು. ಜಗಳೂರಿನ ಬಸ್ ನಿಲ್ದಾಣದ ಹಿಂದೆ ಮೈಲಾರಿಯದು ಟೈಲರಿಂಗ್ ಅಂಗಡಿ. ಅವನು ಹೊಲಿದ ರವಿಕೆ ಎರಡನೇ ಸಲ ಸರಿಮಾಡಿಸಲು ಬಂದದ್ದು ಇಲ್ಲ ಎಂದು ಓಣಿಯ ಹೆಂಗಸರೇ ಹೇಳುತ್ತಾರೆ.

ಹೆರಿಗೆಗೆಂದು ಲಕ್ಷ್ಮೀದೇವಿ ತವರೂರು ನಲ್ಲೂರಿಗೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಆಡಿದ ಮಾತನ್ನು ಅವಳಿಗೆ ತಿಳಿಸುವವರು ಯಾರು? ಅವಳ ತಾಯಿ ಭೀಮಕ್ಕನಿಗೆ ಊಟ, ನೀರು, ನಿದ್ದೆಯಂಥ ಮನೆಯ ಸನ್ನೆಗಳು ಗೊತ್ತೇ ಹೊರತು ಹೆಚ್ಚಿನ ಕೈಮಾತು ಬಾರದು. ತಮ್ಮನ ಜೊತೆಗೇ ಬೆಳೆದ ಪುಷ್ಪಾಳಿಗೆ ಮಾತ್ರ ಅದು ಬಾಯಿಮಾತಿನಷ್ಟೇ ಸಲೀಸು. ಹಾಗಾಗಿ ಅವಳು ಮುಂದಿನ ವಾರ ನಲ್ಲೂರಿಗೆ ಹೋಗಿ ಇರುವುದೆಂದೂ, ನೋವು ಮೊದಲೇ ಬಂದರೆ ಮೈಲಾರಿಯ ಫೋನಿನಿಂದ ವಿಡಿಯೊ ಕರೆಯಲ್ಲಿ ಕೂರುವುದೆಂದೂ ಮಾತಾಗಿತ್ತು. ನೋವು ಮೊದಲೇ ಬಂದಿತ್ತು.

ಮೈಲಾರಿ ಬಾಯಿ ಮುಕ್ಕಳಿಸಿ ಫೋನು ತೆಗೆದು ಕರೆ ಒತ್ತಿದ. ಸುತ್ತುವ ಗೆರೆ ಸುತ್ತುತ್ತಲೇ ಇತ್ತು. ವೈಫೈ ಗುರುತು ತುಂಬಿಕೊಂಡೇ ಇತ್ತು, ಆದರೆ ಅದರ ಕೆಳಗೆ ಹೀಗೆ ಬರೆದಿತ್ತು: ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ.

ಹೋದ ಮಳೆಗಾಲದಲ್ಲಿ ಫೋನು ನೀರಿಗೆ ಬಿದ್ದಾಗ ಸಿಮ್ ಹಾಕುವ ಜಾಗ ಹಾಳಾಗಿತ್ತು. ಮಾತಿನ ಕರೆ ಅವನಿಗೆ ಬೇಕಿರಲಿಲ್ಲ. ಮನೆ ಮಾಲೀಕ ಧರ್ಮಪ್ಪನವರ ವೈಫೈ ಇದ್ದರೆ ಸಾಕಾಗಿತ್ತು. ಅವನು ಫೋನನ್ನು ಆರಿಸಿ ಹಚ್ಚಿದ. ಅದೇ ಬರಹ.

ಪುಷ್ಪಾಳ ಬಟನ್ ಫೋನು ಮತ್ತೆ ಅಲುಗಿತು. ಅವಳು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಮ್ಮನಿಗೆ ಹೇಳುತ್ತ ಹೋದಳು.

"ಭೀಮಕ್ಕ ಮಾತಾಡ್ತಿರೋದು. ಡಾಕ್ಟರಮ್ಮ ಏನೋ ಹೇಳ್ತಾರಂತೆ, ಲಕ್ಷ್ಮೀದೇವಿ ಯಾರನ್ನೂ ಮುಟ್ಟಾಕೆ ಬಿಡ್ತಿಲ್ಲಂತೆ. ಎಲ್ಲರೂ ಮಾಸ್ಕ್ ಹಾಕ್ಕೊಂಡಾರೆ, ಅವಳಿಗೆ ಯಾರ ತುಟೀನೂ ಕಾಣವಲ್ದು."

ಮೈಲಾರಿ ಮತ್ತೊಮ್ಮೆ ಕರೆ ಒತ್ತಿದ. ಗೆರೆ ಸುತ್ತುತ್ತಲೇ ಇತ್ತು.

"ನಾನು ಹೋಗಿ ಯಾರದಾದ್ರೂ ಫೋನ್ ಇಸ್ಕೊಂಡು ಬರ್ತೀನಿ," ಎಂದಳು ಪುಷ್ಪಾ.

"ಕೇಳಿ ನೋಡು. ಆದ್ರೆ ಹೆರಿಗೆ ಆಗೋ ತನಕ ಯಾರು ಕೊಡ್ತಾರೆ? ಅಷ್ಟರಲ್ಲಿ ನಾನು ಇದನ್ನ ಸರಿ ಮಾಡ್ತೀನಿ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಅವನು ಮೆಟ್ಟಿಲು ಹತ್ತಿ ಧರ್ಮಪ್ಪನವರ ಮನೆಗೆ ಹೋದ. ಮುದುಕರು ಟೀವಿಯ ಮುಂದೆ ಕೂತು ಮೊಬೈಲಿನಲ್ಲಿ ನೋಡುವಂಥದೇ ಅಡುಗೆಯ ವಿಡಿಯೊ ನೋಡುತ್ತಿದ್ದರು. ಅದು ಓಡುವುದೂ ಇದೇ ವೈಫೈಯಲ್ಲಿ. ಟೀವಿಗೆ ಇಂಟರ್ನೆಟ್ ಬರುತ್ತಿದೆ ಎಂದ ಮೇಲೆ ತಂತಿ ಸರಿಯಿದೆ, ಪೆಟ್ಟಿಗೆ ಸರಿಯಿದೆ. ತೊಂದರೆ ಇರುವುದು ತನ್ನ ಫೋನಿನಲ್ಲೇ. ಮೈಲಾರಿಗೆ ಅರ್ಧ ಸಮಾಧಾನವಾಯಿತು. ತನ್ನ ಕೈಯೊಳಗೆ ಇರುವ ತೊಂದರೆ ಎಂದರೆ ಅವನಿಗೆ ಅಂಜಿಕೆಯಿಲ್ಲ.

ಗೋಡೆಯ ಮೇಲಿನ ವೈಫೈ ಪೆಟ್ಟಿಗೆ ಮೊನ್ನೆಯದಲ್ಲ. ಹಳೆಯದು ಕರಿಯದಾಗಿತ್ತು, ಇದು ಬಿಳಿ. ಅವನು ಬೆರಳು ತೋರಿಸಿ ಹುಬ್ಬೇರಿಸಿದ. ಧರ್ಮಪ್ಪ ಆಕಾಶ ತೋರಿಸಿ, ಕೈಯಿಂದ ಸಿಡಿಲು ಬೀಳಿಸಿ, ಹಳೆಯದು ಸುಟ್ಟುಹೋಯಿತೆಂದು ತಿಳಿಸಿದರು. ನಿನ್ನೆ ಸಂಜೆ ಕೇಬಲ್‌ನವನು ಬಂದು, ಹೆಸರು, ಪಾಸ್‌ವರ್ಡ್ ಹಳೆಯದನ್ನೇ ಇಟ್ಟು ಹೊಸದನ್ನು ಕೂರಿಸಿಹೋಗಿದ್ದ.

ಅಷ್ಟರಲ್ಲಿ ಪುಷ್ಪಾ ಬರಿಗೈಯಲ್ಲಿ ಹಿಂತಿರುಗಿದಳು. ಪಕ್ಕದ ಮನೆಯವರು ಹೊಲಕ್ಕೆ ಹೋಗಿದ್ದರು, ಅಂಗಡಿಗಳು ಇನ್ನೂ ತೆಗೆದಿರಲಿಲ್ಲ. ತಮ್ಮ ಫೋನಿನಲ್ಲಿ ತೆರೆದಿದ್ದ ವೈಫೈ ಸೆಟ್ಟಿಂಗಿನ ಪುಟಕ್ಕೆ ಇಣುಕಿ, 'ಮರೆತುಬಿಡಿ' ಎಂಬ ಗುಂಡಿಯತ್ತ ಬೆರಳು ಚಾಚಿದಳು.

"ಇದನ್ನ ಒತ್ತು. ಮೊಬೈಲ್ ಅಂಗಡಿಯೋರು ಹಿಂಗೇ ಮಾಡೋದು."

ಮೈಲಾರಿ ಫೋನನ್ನು ಹಿಂದಕ್ಕೆಳೆದುಕೊಂಡ. "ಮರೆತ್ರೆ ಪಾಸ್‌ವರ್ಡ್ ಮತ್ತೆ ಕೇಳ್ತೈತೆ. ಗೊತ್ತೇನು ನಿನಗೆ? ಕೇಳು ಇವರನ್ನ."

ಅವಳು ಕೇಳಿದಳು. ಧರ್ಮಪ್ಪ ತಲೆಯಾಡಿಸಿದರು. "ನಂಗೇನು ಗೊತ್ತವ್ವ, ಎಲ್ಲಾ ಮಗಂಗೇ ಗೊತ್ತು. ಅವನು ಡ್ಯೂಟಿಗೆ ಹೋದ್ರೆ ಫೋನ್ ಎತ್ತಲ್ಲ."

ಪುಷ್ಪಾ ಅದನ್ನು ಕೈಯಲ್ಲಿ ಹೇಳಿ, ಆಮೇಲೆ ಕೈಕಟ್ಟಿ ನಿಂತಳು.

ಮೈಲಾರಿ ಅದೇ ಪುಟದಲ್ಲಿ ಕೆಳಗಿಳಿದ. ಹೋದ ವರ್ಷ ಹಳೆಯ ಪೆಟ್ಟಿಗೆ ಅವನ ಫೋನನ್ನು ಮತ್ತೆ ಮತ್ತೆ ಹೊರಗೆ ಹಾಕುತ್ತಿದ್ದಾಗ ಕೇಬಲ್‌ನವನು ಇಲ್ಲೆಲ್ಲೋ ಅಂಕಿಗಳನ್ನು ತುಂಬಿದ್ದು ನೆನಪಿತ್ತು. ಸಿಕ್ಕಿತು. ಪೆಟ್ಟಿಗೆ ಪ್ರತಿ ಫೋನಿಗೂ ಮನೆ ನಂಬರಿನಂತೆ ಒಂದು ವಿಳಾಸ ಕೊಡುತ್ತದೆ. ಇವನ ಫೋನಿಗೆ ಮಾತ್ರ ಹಳೆಯ ಪೆಟ್ಟಿಗೆಯ ವಿಳಾಸವನ್ನು ಕೈಯಿಂದ ಬರೆದು ಗಟ್ಟಿ ಮಾಡಿದ್ದರು. ಹೊಸ ಪೆಟ್ಟಿಗೆಯ ಓಣಿಯೇ ಬೇರೆ. ಪಾಸ್‌ವರ್ಡ್ ನೋಡಿ ಫೋನನ್ನು ಒಳಗೆ ಸೇರಿಸಿಕೊಂಡಿದೆ, ಆದರೆ ಫೋನು ಹೇಳುವ ವಿಳಾಸ ಅದಕ್ಕೆ ಗೊತ್ತಿಲ್ಲ.

ಅವನು ಆ ಅಂಕಿಗಳ ಮೇಲಿದ್ದ ಆಯ್ಕೆಯನ್ನು 'ಸ್ವಯಂಚಾಲಿತ' ಎಂದು ಬದಲಿಸಿ ಉಳಿಸಿದ. ವೈಫೈ ಗುರುತು ಒಮ್ಮೆ ಮಾಯವಾಗಿ ಮತ್ತೆ ಬಂತು. ಕೆಳಗಿನ ಬರಹ ಬದಲಾಗಿತ್ತು. ಅದನ್ನು ಓದುವ ಮೊದಲೇ ಕೈಯಲ್ಲಿ ಫೋನು ನಡುಗಿತು. ಲಕ್ಷ್ಮೀದೇವಿಯ ಕರೆ.

ಅವಳ ಮುಖ ಬೆವತಿತ್ತು, ಕಣ್ಣು ಕೆಂಪಾಗಿತ್ತು. ಮೈಲಾರಿಯನ್ನು ಕಂಡದ್ದೇ ಕೈ ಎತ್ತಿದಳು. "ಎಲ್ಲಿ ಹೋಗಿದ್ದಿ? ಇವರು ಏನು ಮಾಡ್ತಾರೆ ನನಗೆ? ಗಾಲಿ ಮಂಚ ತಂದಾರೆ."

"ಇಲ್ಲೇ ಇದೀನಿ. ಅಕ್ಕನೂ ಇದಾಳೆ. ಈಗ ಎಲ್ಲಾ ತಿಳಿಯುತ್ತೆ," ಎಂದು ಅವನು ಫೋನನ್ನು ಅಕ್ಕನ ಎದುರಿಗೆ ಹಿಡಿದ, ತಾನೂ ಪಕ್ಕದಲ್ಲಿ ಕಾಣುವಂತೆ.

ಡಾಕ್ಟರು ರಮ್ಯಶ್ರೀ ಮಾಸ್ಕ್ ಕೆಳಗಿಳಿಸಿ ಮಾತಾಡಿದರು. ಅಕ್ಕನ ಕೈಗಳಲ್ಲಿ ಆ ಮಾತು ಇಬ್ಬರಿಗೂ ಒಟ್ಟಿಗೇ ಬಂತು. ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡಲೇಬೇಕು, ಈಗಲೇ ಮಾಡಿದರೆ ತಾಯಿ, ಮಗು ಇಬ್ಬರಿಗೂ ಒಳ್ಳೆಯದು.

"ನನಗೆ ಎಚ್ಚರ ಇರುತ್ತಾ?" ಎಂದಳು ಲಕ್ಷ್ಮೀದೇವಿ.

"ಇರುತ್ತೆ. ಸೊಂಟದ ಕೆಳಗೆ ಮಾತ್ರ ಗೊತ್ತಾಗಲ್ಲ."

"ಒಳಗೆ ನನಗೆ ಯಾರು ಹೇಳ್ತಾರೆ?"

ಪುಷ್ಪಾ ಅದನ್ನು ಡಾಕ್ಟರಿಗೆ ಕೇಳಿದಳು. ಫೋನನ್ನು ಒಳಗೆ ಬಿಡುವಂತಿಲ್ಲ. ಆಮೇಲೆ ಅವರೇ, "ನೀವು ನನಗೆ ಹೇಳಿಕೊಡಿ," ಎಂದರು. ನೋವಿದೆಯಾ, ಇನ್ನು ಸ್ವಲ್ಪ, ಮಗು ಬಂತು. ಈ ಮೂರು ಸನ್ನೆ ಪುಷ್ಪಾ ತೋರಿಸಿದಳು, ಡಾಕ್ಟರು ಹಾಗೇ ಕೈ ಆಡಿಸಿದರು. ಮಗು ಬಂತು ಎನ್ನುವಾಗ ತಪ್ಪಿ ಮಗು ಓಡಿತು ಎಂದುಬಿಟ್ಟರು. ಲಕ್ಷ್ಮೀದೇವಿ ಅಷ್ಟು ನೋವಿನಲ್ಲೂ ನಕ್ಕು, ಅವರ ಮಣಿಕಟ್ಟು ಹಿಡಿದು ತಾನೇ ತಿದ್ದಿದಳು. ಗಾಲಿ ಮಂಚದ ಮೇಲೆ ತಾನಾಗಿಯೇ ಮಲಗಿದಳು.

ಕಾಯುವ ಹೊತ್ತಿನಲ್ಲಿ ಧರ್ಮಪ್ಪ ಟೀವಿ ಆರಿಸಿ ಚಹಾ ತರಿಸಿದರು. ಮೈಲಾರಿ ಫೋನಿಗೆ ಚಾರ್ಜರ್ ಚುಚ್ಚಿ, ಒಂದು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡ. ಚಹಾ ಆರಿಹೋದರೂ ಕುಡಿಯಲಿಲ್ಲ.

ಮತ್ತೆ ಕರೆ ಬಂದಾಗ ಪರದೆಯ ತುಂಬ ಭೀಮಕ್ಕನ ಹಣೆ. ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖ, ಅಗಲಕ್ಕೆ ತೆರೆದ ಬಾಯಿ.

"ಹೆಣ್ಣು. ಜೋರಾಗಿ ಅಳ್ತೈತೆ," ಎಂದಳು ಪುಷ್ಪಾ. ಅವಳ ಕಣ್ಣಲ್ಲಿ ನೀರು. "ಲಕ್ಷ್ಮೀದೇವಿ ಚೆನ್ನಾಗಿದಾಳಂತೆ. ಭೀಮಕ್ಕ ಕೇಳ್ತಿದಾಳೆ, ಈ ಕೂಸಿಗೆ ಕಿವಿ ಕೇಳಿಸುತ್ತೋ ಇಲ್ಲೋ ಅಂತ."

ಮೈಲಾರಿ ಮಗಳ ಬಾಯಿಯನ್ನೇ ನೋಡುತ್ತಿದ್ದ.

"ಡಾಕ್ಟರು ಪರೀಕ್ಷೆ ಮಾಡ್ಲಿ, ತಿಳಿಯುತ್ತೆ. ಕೇಳಿಸಿದ್ರೆ ನೀನು ಮಾತು ಕಲಿಸು, ಕೇಳಿಸದಿದ್ರೆ ನಾವು ಕಲಿಸ್ತೀವಿ. ನಮ್ ಮನೇಲಿ ಮಾತಿಗೇನು ಕಡಿಮೆ ಐತೆ ಅಂತ ಹೇಳು ಅತ್ತೆಗೆ."

ಪುಷ್ಪಾ ಹೇಳಿದಳು. ಅತ್ತ ಭೀಮಕ್ಕ ಏನಂದಳೋ, ಇವನು ನೋಡಲು ನಿಲ್ಲಲಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದ. ದಾವಣಗೆರೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಅಲ್ಲಿಂದ ಚನ್ನಗಿರಿಗೆ ಬಸ್ಸಿಗೇನೂ ಬರವಿಲ್ಲ.