ಮೊದಲ ಸೋಮವಾರದ ಸೀಸೆ

ಅವನ ಕೈಯಲ್ಲಿ ದಾರ ಒಂದೇ ಏಟಿಗೆ ಸೂಜಿಯ ಕಣ್ಣು ಹೊಕ್ಕಿತು. ಅಷ್ಟು ಹೊತ್ತಿನಿಂದ ಮೂವರು ಹೆಂಗಸರು ಅದರ ತುದಿ ನೆಕ್ಕಿ, ಹೊಸೆದು, ಕಿಟಕಿಯ ಬೆಳಕಿಗೆ ಹಿಡಿದು ಸೋತು ಕೂತಿದ್ದರು. ಹೆಣಕ್ಕೆ ತೊಡಿಸಬೇಕಿದ್ದ ಹಸಿರು ಬಟ್ಟೆಯ ತೋಳು ಹೊಲಿಗೆ ಬಿಟ್ಟಿತ್ತು. ಅಮ್ಮನನ್ನು ಹಾಗೇ ಕಳಿಸಲು ಮಗಳು ಒಪ್ಪಿರಲಿಲ್ಲ.

“ಎಪ್ಪತ್ತು ದಾಟಿದ್ರೂ ಎಂಥ ಕೈ ನಿಮ್ದು!” ಎಂದಳು ಎದುರುಮನೆಯಾಕೆ. ಆಮೇಲೆ ಹೆಣದ ಕಡೆ ನೋಡಿದಳು. “ಇವಳಿಗೆ ನೋಡಿ, ಪಾಪ, ಒಂದು ಲೋಟ ನೀರು ನೆಟ್ಟಗೆ ಹಿಡಿಯಕ್ಕಾಗ್ತಿರ್ಲಿಲ್ಲ.”

ಅವನು ಸೂಜಿಯನ್ನು ಮಗಳ ಕೈಗೆ ಕೊಟ್ಟು ಗೋಡೆಗೆ ಒರಗಿದ. ಥರ್ಮಾಮೀಟರ್ ಕಾರ್ಖಾನೆಯಲ್ಲಿ ಅವನಿಗೆ ಕಲ್ಲುಗೈ ಎಂದೇ ಹೆಸರು. ಕೂದಲೆಳೆಯಷ್ಟು ತೂತಿರುವ ಗಾಜಿನ ನಳಿಗೆಗಳಿಗೆ ಪಾದರಸ ತುಂಬುವ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ನಿಂತವನು. ಅಷ್ಟು ವರ್ಷದಲ್ಲಿ ಅವನ ಕೈಯಿಂದ ಒಡೆದ ನಳಿಗೆಗಳನ್ನು ಬೆರಳು ಮಡಚಿ ಹೇಳಬಹುದಿತ್ತು.

ನಡುಗಿದ್ದು ಹೆಂಡತಿಯ ಕೈ. ಬೀದಿಯ ಅರ್ಧ ಜನರ ಬಟ್ಟೆಗೆ ಗುಂಡಿ ಹೊಲಿದುಕೊಟ್ಟವಳು ನಲವತ್ತಕ್ಕೇ ಸೂಜಿ ಕೆಳಗಿಟ್ಟಳು. ತರಕಾರಿಯವನನ್ನು ರೇಗಿಸದೆ ಕಳಿಸದವಳು, ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿದು ನಿಲ್ಲತೊಡಗಿದಳು. ಡಾಕ್ಟರುಗಳು ನರದೌರ್ಬಲ್ಯ ಎಂದರು, ಗಾಬರಿ ಸ್ವಭಾವ ಎಂದರು, ಕೊನೆಗೆ ಮೂತ್ರಪಿಂಡ ಎಂದರು. ಅವಳ ಲೋಟಕ್ಕೆ ಅರ್ಧವೇ ಬಗ್ಗಿಸುವುದು ಮನೆಯ ರೂಢಿಯಾಯಿತು. ಮಗಳಿಗೆ ಆಗ ಒಂಬತ್ತು ವರ್ಷ. ಅಮ್ಮನ ಚಹಾ ಎಂದರೆ ಅರ್ಧ ಲೋಟ ಎಂದೇ ಅವಳು ಕಲಿತದ್ದು.

“ಹೆಂಡ್ತೀನ ಹೂವಿನ ಹಾಗೆ ನೋಡ್ಕೊಂಡ್ರಪ್ಪ,” ಎದುರುಮನೆಯಾಕೆ ಮುಂದುವರಿಸಿದಳು. “ತಮ್ಮ ಬಟ್ಟೆ ಮುಟ್ಟಕ್ಕೂ ಬಿಡ್ತಿರ್ಲಿಲ್ಲ, ತಾವೇ ಒಕ್ಕೊಂಡು ಬರ್ತಿದ್ರು. ನಮ್ಮನೇಲೂ ಒಬ್ರಿದ್ದಾರೆ, ಕರ್ಚೀಫು ಸಹ ಹಿಂಡಲ್ಲ!”

ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಅವನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮುದುಕನೊಬ್ಬನನ್ನು ಕಂಡು ಅವನು ಗೋಡೆ ಬಿಟ್ಟು ನೆಟ್ಟಗಾದ. ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಗಾರರ ಮೂತ್ರ ಪರೀಕ್ಷೆ ಮಾಡುತ್ತಿದ್ದವನು ಆತ.

*

ತುಂಬುವ ಕೋಣೆಯವರು ಪ್ರತಿ ತಿಂಗಳ ಮೊದಲ ಸೋಮವಾರ ಸೀಸೆಯಲ್ಲಿ ಮೂತ್ರ ತಂದುಕೊಡಬೇಕು. ಅದರಲ್ಲಿ ಪಾದರಸದ ಅಂಕಿ ಸತತ ಮೂರು ಸಲ ಮಿತಿ ದಾಟಿದರೆ ಪ್ಯಾಕಿಂಗಿಗೆ ವರ್ಗ. ಅವನದು ಆಗಲೇ ಎರಡು ಸಲ ದಾಟಿತ್ತು. ಆ ಸೋಮವಾರ ಬೆಳಿಗ್ಗೆ ಖಾಲಿ ಸೀಸೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತವನನ್ನು ನೋಡಿ ಹೆಂಡತಿಗೆ ನಗು ಬಂತು.

“ಏನ್ರೀ, ಪರೀಕ್ಷೆಗೆ ಹೊರಟಿರೋರ ಥರ ಮುಖ ಮಾಡ್ಕೊಂಡಿದ್ದೀರಾ?”

“ಈ ಸಲ ಫೇಲಾದ್ರೆ ಡಬ್ಬಿಗೆ ಹತ್ತಿ ತುರುಕ್ತಾ ಕೂರ್ಬೇಕು ಕಣೇ. ಅದಕ್ಕಿಂತ ಸಾಯೋದು ವಾಸಿ.”

“ಬಿಡ್ತು ಅನ್ನಿ.” ಅವಳು ಸೀಸೆ ಕಿತ್ತುಕೊಂಡಳು. “ಕೊಡಿ ಇಲ್ಲಿ. ನಿಮ್ಮ ಪರೀಕ್ಷೆ ನಾನು ಬರೀತೀನಿ.”

ಆರು ವರ್ಷ ಅವಳೇ ಬರೆದಳು. ಅಂಕಿ ಪಾತಾಳಕ್ಕೆ ಇಳಿಯಿತು. ಮೇಲ್ವಿಚಾರಕ ಹೊಸಬರಿಗೆಲ್ಲ ಅವನನ್ನು ತೋರಿಸಿ, “ಇವನನ್ನ ನೋಡಿ ಕಲೀರಿ, ಪಾದರಸ ಇವನ ಹತ್ತಿರ ಸುಳಿಯಲ್ಲ” ಎನ್ನುತ್ತಿದ್ದ. ಕೇಳಿ ಕೇಳಿ ಅವನೂ ಅದನ್ನು ಅರ್ಧ ನಂಬಿದ್ದ.

ಕಾರ್ಖಾನೆಯಲ್ಲಿ ಸ್ನಾನದ ಕೋಣೆಯಿತ್ತು, ಬಟ್ಟೆ ಒಗೆಯಲು ಜಾಗವಿತ್ತು. ಆದರೆ ಸಾಲಿನಲ್ಲಿ ನಿಂತರೆ ಐದೂಕಾಲರ ಬಸ್ಸು ತಪ್ಪುತ್ತಿತ್ತು. ಒಂದು ಬಸ್ಸಿಗಾಗಿ ಅವನು ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದ. ಕಿಟಕಿಯಿಲ್ಲದ ಬಚ್ಚಲಲ್ಲಿ ಅವಳು ಅದನ್ನು ಕುದಿಯುವ ನೀರಿಗೆ ಅದ್ದಿ, ಆವಿಯೊಳಗೆ ಮುಖವಿಟ್ಟು ಉಜ್ಜುತ್ತಿದ್ದಳು. ಪ್ಯಾಂಟಿನ ಮಡಿಕೆಯಿಂದ ಬೆಳ್ಳಿ ಮಣಿಗಳು ಉದುರಿದರೆ ಮಗಳನ್ನು ಕರೆದು ತೋರಿಸುತ್ತಿದ್ದಳು.

*

“ನಿಮಗಿಂತ ಮೊದಲು ಆಯಮ್ಮ ಹೋದ್ರಲ್ಲ,” ಲ್ಯಾಬಿನ ಮುದುಕ ಅವನ ಪಕ್ಕ ಕುರ್ಚಿ ಎಳೆದುಕೊಂಡ. “ಆ ವರ್ಷ ನಿಮ್ಮ ಅಂಕಿ ನೋಡಿ, ನೀವೇ ಉಳಿಯಲ್ಲ ಅಂದ್ಕೊಂಡಿದ್ವಿ.”

ಮಗಳು ಹೊಲಿಗೆಯಿಂದ ತಲೆಯೆತ್ತಿದಳು. “ಯಾವ ಅಂಕಿ?”

“ನಿಮ್ಮಪ್ಪ ತಿಂಗಳು ತಿಂಗಳು ಕೊಡ್ತಿದ್ದ ಮೂತ್ರದ ಸೀಸೆಯಲ್ಲಿದ್ದ ಪಾದರಸದ್ದಮ್ಮ. ಮಿತಿಗಿಂತ ನಾಲ್ಕು ಪಟ್ಟು! ಮುಂದಿನ ತಿಂಗಳು ನೋಡಿದ್ರೆ ಅರ್ಧಕ್ಕಿಂತ ಕಡಿಮೆ. ನನ್ನ ಸರ್ವಿಸಲ್ಲಿ ಅಂಥದ್ದು ಇನ್ನೊಂದು ಕಾಣ್ಲಿಲ್ಲ.”

“ವ್ಯಾನ್ ಬಂತೇನೋ,” ಎಂದು ಅವನು ಎದ್ದುಬಿಟ್ಟ. ವ್ಯಾನ್ ಬಂದಿರಲಿಲ್ಲ. ಬರುವತನಕ ಗೇಟು ಹಿಡಿದು ಬಿಸಿಲಲ್ಲೇ ನಿಂತಿದ್ದ. ಇವತ್ತೊಂದು ದಿನ ದಾಟಿದರೆ ಸಾಕು, ಮಗಳಿಗೆ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ. ಹೆಂಡತಿಯ ಹೆಣ ಒಳಗಿರುವಾಗ ಹೀಗೆ ಲೆಕ್ಕ ಹಾಕುವ ತನ್ನ ಮೇಲೆ ಅವನಿಗೇ ಅಸಹ್ಯವಾಯಿತು.

*

ಅಂಕಿ ನಾಲ್ಕು ಪಟ್ಟು ಏರಿದ ಅಂದು ಕಾರ್ಖಾನೆಯ ಡಾಕ್ಟರು ಲ್ಯಾಬಿನ ಚೀಟಿಯನ್ನು ಎರಡು ಸಲ ಓದಿದ್ದರು.

“ಕೈ ಚಾಚಿ.”

ಚಾಚಿದ. ಬೆರಳುಗಳ ಮೇಲೆ ಒಂದು ಹಾಳೆಯಿಟ್ಟು ನೋಡಿದರು. ಹಾಳೆ ಅಲುಗಲಿಲ್ಲ.

“ಈ ಅಂಕಿಗೂ ಈ ಕೈಗೂ ತಾಳೆ ಆಗ್ತಿಲ್ವಲ್ರೀ. ಕೆಲಸದ ಬಟ್ಟೆ ಯಾರು ಒಗೀತಾರೆ?”

“ನಾನೇ ಸಾರ್,” ಎಂದುಬಿಟ್ಟ. ಅಷ್ಟು ಹೊತ್ತಿಗೆ ಅವನಿಗೆ ಎಲ್ಲ ಅರ್ಥವಾಗಿತ್ತು. ಹಿಂದಿನ ವಾರವಷ್ಟೇ ಹೆಂಡತಿಯ ಕೈಯಿಂದ ಚಹಾದ ಲೋಟ ಜಾರಿ ಬಿದ್ದಿತ್ತು.

ಮುಂದಿನ ಸಲ ಅವನು ತನ್ನದೇ ಸೀಸೆ ಕೊಟ್ಟ. ಬಟ್ಟೆಯನ್ನು ಕಾರ್ಖಾನೆಯಲ್ಲೇ ಒಗೆದು, ಮಿಂದು, ಬಸ್ಸು ತಪ್ಪಿಸಿಕೊಂಡು ನಡೆದು ಬರತೊಡಗಿದ. “ಇನ್ಮೇಲೆ ನನ್ನ ಬಟ್ಟೆ ಮುಟ್ಬೇಡ” ಎಂದಷ್ಟೇ ಅವಳಿಗೆ ಹೇಳಿದ. ಕಾರಣ ಹೇಳಿದರೆ ಡಾಕ್ಟರು, ಡಾಕ್ಟರೆಂದರೆ ಕಾರ್ಖಾನೆ, ಕಾರ್ಖಾನೆಯೆಂದರೆ ಆ ಸೀಸೆ. ನಾಳೆ ಹೇಳೋಣ ಎಂದುಕೊಂಡ. ನಿವೃತ್ತಿಯಾದ ಮೇಲೆ ಹೇಳೋಣ ಎಂದುಕೊಂಡ. ಆಮೇಲೆ ಹೇಳಲು ಮುಖವೇ ಉಳಿಯಲಿಲ್ಲ. ಇಂಥ ಹೇಡಿಗೆ ಬೀದಿಯವರು ಒಳ್ಳೆಯ ಗಂಡ ಎಂಬ ಹೆಸರು ಕೊಟ್ಟರು. ಅದನ್ನೂ ಅವನು ಬೇಡವೆನ್ನಲಿಲ್ಲ.

*

ಮಣ್ಣು ಮಾಡಿ ಬರುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ಜನ ಕರಗಿದರು. ಮಗಳು ಚಹಾಕ್ಕಿಡಲು ಅಡುಗೆಮನೆಗೆ ಹೋದಳು. ಲ್ಯಾಬಿನ ಮುದುಕ ಹೊರಟವನು ಮತ್ತೆ ಕೂತ.

“ಒಂದು ಮಾತಿದೆ. ನಿಮಗೆ ಹೇಳ್ಬೇಡಿ ಅಂದಿದ್ರು ಆಯಮ್ಮ. ಈಗ ಅವರೇ ಇಲ್ಲ, ಇನ್ನೇನು.”

ಅವನು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ.

“ನಿಮ್ಮ ಅಂಕಿ ಅಷ್ಟು ಏರಿತ್ತಲ್ಲ, ಅದೇ ವಾರ ಲ್ಯಾಬಿಗೆ ಬಂದಿದ್ರು. ನಿಮ್ಮ ಜೇಬಲ್ಲಿ ಚೀಟಿ ಸಿಕ್ತಂತೆ. ‘ಇಷ್ಟಿದ್ದೋರಿಗೆ ಏನಾಗತ್ತೆ’ ಅಂತ ಕೇಳಿದ್ರು. ಕೈ ನಡುಗತ್ತೆ, ಜನ ಕಂಡ್ರೆ ಅಂಜಿಕೆ ಶುರುವಾಗತ್ತೆ, ಆಮೇಲೆ ಮೂತ್ರಪಿಂಡಕ್ಕೆ ಬರತ್ತೆ ಅಂದೆ. ಬೇಗ ಬಂದ್ರೆ ಔಷಧಿ ಇದೆ, ಆದ್ರೆ ಹೇಗೆ ಬಂತು ಅಂತೆಲ್ಲ ಬರೆಸ್ಬೇಕಾಗತ್ತೆ ಅಂದೆ. ‘ಬೇಡ ಬಿಡಿ, ಆ ಕೆಲಸ ಹೋದ್ರೆ ಅವರು ಬದುಕಲ್ಲ’ ಅಂದು ಎದ್ದು ಹೋದ್ರು. ಗಂಡನ ಜೀವಕ್ಕಿಂತ ಕೆಲಸ ಹೆಚ್ಚಾಯ್ತಾ ಅಂತ ಮನಸ್ಸಲ್ಲೇ ಬೈಕೊಂಡಿದ್ದೆ. ತಪ್ಪಾಯ್ತು.”

ಮುದುಕ ಅವನ ಭುಜ ತಟ್ಟಿ ಹೊರಟುಹೋದ. ಅವನು ಕೂತಲ್ಲೇ ಕೂತಿದ್ದ. ಅವಳಿಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷ, ಅರ್ಧ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಎದುರಿಗೆ ಕೂತು ಕುಡಿಯುವಾಗಲೆಲ್ಲ ಅವಳಿಗೆ ಗೊತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಬಚ್ಚಲಲ್ಲಿ ಅಮ್ಮ ನನ್ನ ಕರೆದು ತೋರಿಸ್ತಿದ್ದ ಬೆಳ್ಳಿ ಮಣಿ ಅದೇ ಅಲ್ವಾ ಅಪ್ಪ?”

ಅವನು ಹೌದೆಂದು ತಲೆಯಾಡಿಸಿದ.

ಅವಳು ಬಂದು ಎದುರಿಗೆ ಕೂತಳು. ಅಮ್ಮನ ಲೋಟವನ್ನು ನಡುವೆ ಇಟ್ಟು ಚಹಾ ಬಗ್ಗಿಸಿದಳು. ರೂಢಿಯಂತೆ ಅರ್ಧಕ್ಕೆ ಕೈ ನಿಂತಿತು. ಮತ್ತೆ ಬಗ್ಗಿಸಿದಳು. ಅಂಚಿನವರೆಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು ತುಂಬಿಸಿದಳು.

“ಎತ್ತು.”

ನಡುಗಲಿ ಎಂದು ಅವನು ಬೇಡಿಕೊಂಡ. ಇವತ್ತೊಂದು ದಿನವಾದರೂ ನಡುಗಲಿ. ಎರಡು ಬೆರಳಿನಲ್ಲಿ ಲೋಟ ಎತ್ತಿದ.

“ಆ ಸೀಸೆ ಯಾರದ್ದು ಅಪ್ಪ?”

“ನಿಮ್ಮಮ್ಮಂದು.”

ಮಗಳು ಅವನ ಮುಖ ನೋಡಲಿಲ್ಲ. ಲೋಟವನ್ನೇ ನೋಡುತ್ತಿದ್ದಳು. ಎದೆಯ ಮಟ್ಟದಲ್ಲಿ, ಅಂಚಿನ ತನಕ ತುಂಬಿದ ಚಹಾ ಒಂದು ಹನಿಯೂ ಚೆಲ್ಲದೆ ನಿಂತಿತ್ತು.