ಹಲಗೆಯ ಮೇಲಿನ ಅಂಕೆ

ಇಪ್ಪತ್ತೈದು ಅಂತ ತಾನು ಓದಿದ್ದು ಎಲ್ಲಿ? ಪುಸ್ತಕದಲ್ಲೋ, ಇಂಜಿನ್ನಿನ ಮೈಮೇಲಿರುವ ತಗಡಿನಲ್ಲೋ? ತಗಡನ್ನು ನೋಡಿದ ನೆನಪೇ ಇಲ್ಲವಲ್ಲ. ನೋಡಿರಬಹುದು. ನೋಡದೆಯೇ ಬರೆದುಬಿಡುವಷ್ಟು ಉಡಾಫೆಯವನೇ ತಾನು?

ಅಳಿಯ ಶೆಡ್ಡಿನ ಬಾಗಿಲಲ್ಲಿ ಒಬ್ಬನೇ ನಿಂತಿದ್ದ. ಎದುರಿಗೆ, ಮಾವ ಒಂಬತ್ತು ವರ್ಷದಿಂದ ಕೈಯಾರೆ ಕಟ್ಟುತ್ತಾ ಬಂದ ಎರಡು ಸೀಟಿನ ವಿಮಾನ. ಬಾಲವನ್ನು ಹಗ್ಗದಿಂದ ಕಂಬಕ್ಕೆ ಬಿಗಿದಿತ್ತು. ಸ್ವಲ್ಪ ಹೊತ್ತಿನ ಹಿಂದೆ ಇಂಜಿನ್ ಮೊದಲ ಸಲ ಚಾಲೂ ಆಗಿತ್ತು. ಮೂರು ನಿಮಿಷ ಚೆನ್ನಾಗಿಯೇ ಓಡಿ, ವೇಗ ಏರಿಸಿದೊಡನೆ ಡಬ್ಬಿಯೊಳಗೆ ಕಲ್ಲು ಕುಲುಕಿದಂತೆ ಸದ್ದು ಮಾಡಿತು. ಶಾಖದ ಮುಳ್ಳು ಕೆಂಪು ಗೆರೆ ಮುಟ್ಟಿತು. ಮಾವ ಸ್ವಿಚ್ ಆರಿಸಿ, "ಆಯಿಲ್ ಕಮ್ಮಿ ಇರ್ಬೇಕು" ಎಂದು ಡಬ್ಬ ತರಲು ಮನೆಗೆ ಹೋಗಿದ್ದರು.

ಆಯಿಲ್ ಕಮ್ಮಿ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಸೇರಿ ನೋಡಿದ್ದರು.

ಮಾವ ಮೂವತ್ತು ವರ್ಷ ಲೇತ್ ಮೇಲೆ ದುಡಿದವರು. ದಪ್ಪ ಪುಸ್ತಕ ಕಂಡರೆ ದೂರ ಸರಿಯುತ್ತಿದ್ದರು. "ಓದೋದು ನಿಮ್ಮ ಪಾಲು ಅಳಿಯಂದಿರೇ, ತಿರುಗ್ಸೋದು ನನ್ನ ಪಾಲು" ಎಂದು ಮೊದಲ ದಿನವೇ ಹಂಚಿಬಿಟ್ಟಿದ್ದರು. ಪಿಸ್ಟನ್ ತುದಿ ಮುಟ್ಟುವ ಮೊದಲೇ ಪ್ಲಗ್ಗಿನ ಕಿಡಿ ಹಾರಬೇಕು. ಎಷ್ಟು ಡಿಗ್ರಿ ಮೊದಲು ಎನ್ನುವುದನ್ನು ಓದಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅಳಿಯನ ಕೆಲಸ. ಅದನ್ನು ನೋಡಿ ಹಲ್ಲುಚಕ್ರದ ಗೆರೆ ಹೊಂದಿಸುವುದು ಮಾವನದು. ಬರೆದದ್ದು 25.

ಅವನು ಕೈಗೆ ಬಟ್ಟೆ ಸುತ್ತಿಕೊಂಡು, ಬಿಸಿ ಇಂಜಿನ್ನಿನ ಹಿಂದಕ್ಕೆ ಬಗ್ಗಿ ತಗಡಿನ ಜಿಡ್ಡು ಒರೆಸಿದ. 20 ಎಂದು ಕೊರೆದಿತ್ತು. ಪುಸ್ತಕದ ಪಟ್ಟಿಯಲ್ಲಿ ಇದೇ ಜಾತಿಯ ಬೇರೆ ಇಂಜಿನ್ನಿನ ಸಾಲನ್ನು ಅವನು ಎತ್ತಿಕೊಂಡಿದ್ದ. ತಗಡಿನ ಜೊತೆ ತಾಳೆ ನೋಡಿ ಎಂದು ಅದೇ ಪುಟದಲ್ಲಿತ್ತು. ಈಗ ನೆನಪಾಯಿತು: ಅಂದು ಬಿಳಿ ಅಂಗಿ ಹಾಕಿದ್ದ. ಗ್ರೀಸ್ ಹತ್ತೀತೆಂದು ಬಗ್ಗಿರಲಿಲ್ಲ.

ಹೇಳಿಬಿಡಬೇಕು ಎಂದುಕೊಂಡೇ ಹಲಗೆಯ ಹತ್ತಿರ ಹೋದ. ಮೊದಲು ತಿದ್ದೋಣ, ಆಮೇಲೆ ಹೇಳೋಣ. ಐದನ್ನು ಹೆಬ್ಬೆರಳಿನಿಂದ ಉಜ್ಜಿ ಸೊನ್ನೆ ಬರೆದ.

ಹೊರಗೆ ಅತ್ತೆಯ ದನಿ ಕೇಳಿಸಿತು. "ಆಕಾಶಕ್ಕೆ ಹೋಗೋ ಮುಂಚೆ ಆ ಬಚ್ಚಲ ನಲ್ಲಿ ಒಂದು ನೋಡಿ. ಒಂಬತ್ತು ವರ್ಷದಿಂದ ಅದೂ ಕಾಯ್ತಾ ಇದೆ."

"ನಲ್ಲೀಗೆ ರೆಕ್ಕೆ ಇಲ್ವಲ್ಲೇ, ಎಲ್ಲಿಗೂ ಹೋಗಲ್ಲ ಬಿಡು" ಎನ್ನುತ್ತಾ ಮಾವ ಒಳಗೆ ಬಂದರು. ಅವನ ಕೈಯಲ್ಲಿದ್ದ ಜಿಡ್ಡುಬಟ್ಟೆ ನೋಡಿದರು. "ಏನಾದ್ರೂ ಸಿಕ್ತಾ?"

"ಟೈಮಿಂಗ್ ಇರ್ಬೇಕು ಮಾವ. ಕಿಡಿ ಬೇಗ ಹಾರ್ತಿದೆ."

"ಹೆಂಗೆ? ನೀವು ಬರ್ದಷ್ಟೇ ಇಟ್ಟಿದೀನಿ, ಇಪ್ಪತ್ತೈದು" ಎಂದು ಹಲಗೆಯ ಕಡೆ ತಿರುಗಿದವರು ಅಲ್ಲೇ ನಿಂತರು. ಹತ್ತಿರ ಹೋಗಿ ನೋಡಿದರು. ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಅವನಿಗೆ ಮಾತು ನಾಲಗೆಯವರೆಗೂ ಬಂತು. ಮಾವ ಬಯ್ಯುವವರಲ್ಲ. ಮದುವೆಯಾದಂದಿನಿಂದ ಅಳಿಯನನ್ನು ಏಕವಚನದಲ್ಲಿ ಕರೆದವರೂ ಅಲ್ಲ. "ಹೋಗ್ಲಿ ಬಿಡಿ" ಎಂದುಬಿಡುತ್ತಿದ್ದರು. ಆ ಮರ್ಯಾದೆಯನ್ನು ಅವರ ಬಾಯಿಂದ ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

"ಸೊನ್ನೆ ನನಗೆ ಐದಾಗಿ ಕಂಡಿದೆ" ಎಂದರು ಮಾವ. ಆಮೇಲೆ ನಕ್ಕರು. "ಸದ್ಯ, ನೀವು ನೋಡಿದ್ರಿ. ಇಲ್ದಿದ್ರೆ ಮೇಲೆ ಹೋದ್ಮೇಲೆ ಗೊತ್ತಾಗ್ತಿತ್ತು."

ಇಂಜಿನ್ ತಣ್ಣಗಾದ ಮೇಲೆ ಹೊಸದಾಗಿ ಹೊಂದಿಸಿದರು. ಮಾವ ಪ್ಲಗ್ ಬಿಚ್ಚಿದ ರಂಧ್ರಕ್ಕೆ ಹೆಬ್ಬೆರಳಿಟ್ಟು, ಗಾಳಿ ಬೆರಳನ್ನು ನೂಕುವವರೆಗೆ ಪ್ರೊಪೆಲ್ಲರ್ ತಿರುಗಿಸಿದರು. ಆದರೆ ಗೆರೆಯ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ನಿಂತರು. "ನೀವೇ ನೋಡಿ. ನನ್ನ ಕಣ್ಣನ್ನ ಇನ್ನು ನಂಬಂಗಿಲ್ಲ."

ಅವನು ನೋಡಿ ಹೊಂದಿಸಿದ. ಇಂಜಿನ್ ಒಂದೇ ಸಮನೆ ಓಡಿತು.

ಮೊದಲ ಹಾರಾಟ ಮಾವನದೇ ಎಂದು ಒಂಬತ್ತು ವರ್ಷದಿಂದ ತೀರ್ಮಾನವಾಗಿತ್ತು. ಅದಕ್ಕೆಂದೇ ಲೈಸೆನ್ಸ್ ಉಳಿಸಿಕೊಂಡಿದ್ದರು. ಅಂದು ಊಟಕ್ಕೆ ಕೂತಾಗ, ಹಾರಾಟ ಕಲಿಸಿದ ಮೇಷ್ಟ್ರಿಗೆ ಹೇಳಿಕಳಿಸಿದ್ದೇನೆ, ಅವರೇ ಹಾರಿಸಲಿ ಎಂದರು. "ಅಪ್ಪ, ಏನಾಯ್ತು?" ಎಂದು ಮಗಳು ಕೇಳಿದಳು. "ಹಲಗೆ ಮೇಲಿನ ಅಂಕೆ ಕಾಣ್ದೋನಿಗೆ ರನ್‌ವೇ ಏನಮ್ಮಾ ಕಾಣುತ್ತೆ?" ಎಂದು ತಟ್ಟೆ ಸರಿಸಿ ಎದ್ದರು. ಅವಳು ಗಂಡನ ಮುಖ ನೋಡಿದಳು. ಅವನು ನೀರು ಕುಡಿದ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ವಿಮಾನವನ್ನು ಮೈದಾನದ ಮೇಲೆ ಎರಡು ಸುತ್ತು ಹಾರಿಸಿ ಇಳಿಸಿದರು. ಅಷ್ಟು ಹೊತ್ತೂ ಮಾವ ಕತ್ತೆತ್ತಿಕೊಂಡೇ ನಿಂತಿದ್ದರು. "ಇಂಜಿನ್ ಬೆಣ್ಣೆ ಹಾಗಿದೆ" ಎಂದರು ಮೇಷ್ಟ್ರು. "ಟೈಮಿಂಗ್ ನಮ್ಮ ಅಳಿಯಂದಿರದು" ಎಂದು ಮಾವ ಅವನ ಬೆನ್ನ ಮೇಲೆ ಕೈಯಿಟ್ಟರು.

ನಿಮ್ಮ ಕಣ್ಣು ಸರಿಯಾಗಿಯೇ ಇತ್ತು ಮಾವ, ತಪ್ಪು ಬರೆದು ತಿದ್ದಿದವನು ನಾನು ಎಂದು ಅವನು ಹೇಳಲಿಲ್ಲ.