ಜುಲೈ ಹನ್ನೆರಡರ ತಾಂಡೂರು ಬಸ್ಸು

ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಜಹೀರಾಬಾದಿನಲ್ಲಿ ದಣಿವೂ ಒಂದು ದಿನಚರಿಯಾಗಿತ್ತು. ವಕೀಲರಿಗೊಂದು ಟೆಂಟು, ಬಸ್ಸಿನವರಿಗೊಂದು, ನಮ್ಮಂಥ ಮಾಸ್ತರರಿಗೊಂದು. ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂತು, ಘೋಷಣೆಗೆ ಬಾಯಿ ಕೂಡಿಸಿ, ಹನ್ನೆರಡಕ್ಕೆ ನಾನು ದೇವಿದಾಸನ ಅಂಗಡಿಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಎದುರಿಗೆ ಅವನದು ವಿಡಿಯೊ ಗೇಮಿನ ಅಂಗಡಿ. ನಾಲ್ಕು ಕಂಪ್ಯೂಟರು; ಅವುಗಳಲ್ಲಿ ಒಂದಕ್ಕೆ ಬಸ್ಸಿನಂಥದೇ ಸ್ಟಿಯರಿಂಗು.

ಆ ಸ್ಟಿಯರಿಂಗಿಗೆ ಇದ್ದದ್ದು ಒಂದೇ ಆಟ, 'ದಖನಿ ಡ್ರೈವರ್'. ಹೈದರಾಬಾದಿನ ಸೀತಾಫಲ ಸ್ಟುಡಿಯೊ ಎಂಬ ಸಣ್ಣ ಕಂಪನಿ ಮಾಡಿದ್ದು. ಜಹೀರಾಬಾದಿನಿಂದ ತಾಂಡೂರಿನವರೆಗೆ ಬಸ್ಸು ಓಡಿಸುವುದು, ಅಷ್ಟೇ. ಪ್ರಪಂಚದಲ್ಲಿ ನಮ್ಮೂರ ಹೊಂಡಗಳನ್ನು ಇಷ್ಟು ಶ್ರದ್ಧೆಯಿಂದ ಯಾರೂ ಚಿತ್ರಿಸಿರಲಿಲ್ಲ. ಆಗಸ್ಟಿನಲ್ಲಿ ಸ್ಟುಡಿಯೊ ಬಾಗಿಲು ಹಾಕಿತು. ಆಟ ಶುರುವಾಗುವಾಗೆಲ್ಲ ಸ್ಟುಡಿಯೊದ ಕಂಪ್ಯೂಟರನ್ನು ಅಪ್ಪಣೆ ಕೇಳುತ್ತಿತ್ತು; ಅಪ್ಪಣೆ ಕೊಡುವವರೇ ಇಲ್ಲದ ಮೇಲೆ ಆಟವೂ ನಿಂತಿತು.

ದೇವಿದಾಸ ಸೂತಕ ಹಿಡಿದವನಂತಾದ. ಮುಚ್ಚಿಹೋದ ಸ್ಟುಡಿಯೊಗಳಲ್ಲಿ ನಿಮಗೆ ಹೆಚ್ಚು ನೆನಪಾಗುವುದು ಯಾವುದು ಎಂದು ಯಾವುದೋ ವೆಬ್‌ಸೈಟು ಕೇಳಿತ್ತು. ಪಟ್ಟಿಯಲ್ಲಿ ಅಮೆರಿಕ, ಜಪಾನಿನ ದೊಡ್ಡ ದೊಡ್ಡ ಹೆಸರುಗಳು. ಇವನು ಕೆಳಗೆ ಸೀತಾಫಲದ ಹೆಸರು ಸೇರಿಸಿ ಹನ್ನೊಂದು ಸಲ ಓಟು ಹಾಕಿದ. ಒಂದು ಓಟು ತಾಯಿಯ ಹೆಸರಿನಲ್ಲೂ ಬಿತ್ತು.

ಆದರೆ ಆ ಆಟ ನಿಜವಾಗಿ ಬೇಕಾಗಿದ್ದದ್ದು ಅಂಜಪ್ಪನಿಗೆ. ಅಂಜಪ್ಪ ಬಸ್ ಡ್ರೈವರ್. ಮೂವತ್ತೊಂದು ವರ್ಷದ ಸರ್ವಿಸು, ಬಹುಪಾಲು ತಾಂಡೂರು ರೂಟಿನಲ್ಲಿ. ಸೆಪ್ಟೆಂಬರ್ ಮೂವತ್ತಕ್ಕೆ ನಿವೃತ್ತಿ. ಕೊನೆಯ ಟ್ರಿಪ್ಪಿನ ದಿನ ಬಸ್ಸಿಗೆ ಬಾಳೆಕಂಬ ಕಟ್ಟಿ, ಹಾರ ಹಾಕಿ, ಡಿಪೋದವರೆಲ್ಲ ಜೊತೆಗೆ ಹತ್ತಿಕೊಂಡು ಹೋಗುವುದು ಅವರಲ್ಲಿ ರೂಢಿ. ಈ ಸಲ ಬಸ್ಸುಗಳೆಲ್ಲ ಡಿಪೋದೊಳಗೆ, ಡ್ರೈವರುಗಳೆಲ್ಲ ಟೆಂಟಿನೊಳಗೆ.

"ಮುಷ್ಕರಕ್ಕ ನನ್ದೇನ್ ತಕರಾರಿಲ್ರಿ ಮಾಸ್ತರ್," ಅಂದ ಅಂಜಪ್ಪ. "ತೆಲಂಗಾಣ ಬರ್ಲಿ. ಖರೆ ನಾ ಹೋಗೋದು ಟೆಂಟಿನಾಗಿಂದ ಆತಲ್ಲ. ಒಂದ್ಸಲ ಆ ಆಟದಾಗಾದ್ರೂ ತಾಂಡೂರ ಮುಟ್ಟಿ ಬರ್ತಿದ್ದೆ."

ಸ್ಟುಡಿಯೊದಲ್ಲಿದ್ದ ಸ್ವರೂಪಾ ಎಂಬಾಕೆ ಈಗ ನಾರಾಯಣಖೇಡದ ಸರ್ಕಾರಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಎಂದು ದೇವಿದಾಸ ಪತ್ತೆ ಮಾಡಿದ. ಇಪ್ಪತ್ತೆಂಟರಂದು ಅವನೂ ನಾನೂ ಹೊರಟೆವು. ನ್ಯಾಲ್ಕಲ್‌ವರೆಗೆ ಒಂದು ಜೀಪು, ಅಲ್ಲಿಂದ ಖೇಡಕ್ಕೆ ಇನ್ನೊಂದು. ಎರಡರಲ್ಲೂ ನನ್ನ ಒಂದು ಕಾಲು ಹೊರಗೇ ಇತ್ತು.

ಸ್ವರೂಪಾ ಅಲ್ಲಿಯ ನೌಕರರ ಟೆಂಟಿನಲ್ಲಿ ಕೂತಿದ್ದಳು. ನಾವು ಬಂದ ಕಾರಣ ಕೇಳಿದ ಕೂಡಲೇ ನಿಟ್ಟುಸಿರು ಬಿಟ್ಟಳು.

"ನೀವೂ ಬಂದ್ರಾ? ಮೊನ್ನಿ ವರಂಗಲ್‌ದಾಂವ ಒಬ್ಬ ಫೋನ್ ಮಾಡಿ ಅತ್ತ. ಅವ್ಗ ನಾನೇ ಸಮಾಧಾನ ಹೇಳ್ದೆ. ಸ್ಟುಡಿಯೊ ಇದ್ದಾಗ ಎಲ್ಲಾರು ಸಿಡಿ ಕಾಪಿ ಹೊಡ್ಕೊಂಡ್ರಿ. ಅದಕ್ಕೇ ಆ ಅಪ್ಪಣೆ ಕೇಳೋ ಕೀಲಿ ಹಾಕಿದ್ದು ನಾವು."

ದೇವಿದಾಸ ತನ್ನ ಚಪ್ಪಲಿ ನೋಡಿಕೊಂಡ. ನಾನು ಅಂಜಪ್ಪನ ವಿಷಯ ಹೇಳಿದೆ.

"ಡ್ರೈವರ್ರಾ?" ಆಕೆ ಮೊದಲ ಸಲ ನಕ್ಕಳು. "ಕೋಹೀರ್ ದಾಟಿದ್ ಮ್ಯಾಲ ಬೇವಿನ ಗಿಡದ ಬುಡಕ ಒಬ್ಬಾಕಿ ಮುದುಕಿ ಕೈ ಮಾಡ್ತಾಳ, ನೋಡೀರೇನು?"

"ನೋಡೀನಿ," ಅಂದ ದೇವಿದಾಸ. "ಅಲ್ಲಿ ನಿಂದ್ರಿಸಿದ್ರ ಟೈಮ್ ಹಾಳು. ಯಾರೂ ನಿಂದ್ರಸಲ್ಲ."

"ಅಕಿ ನಮ್ಮ ಆಯಿ, ಬಂಡಮ್ಮ. ದನಿ ಸೈತ ಅಕೀದೇ. ಖೇಡ್ ರೋಡಿನಾಗ ನಿಲ್ಲಸ್ಬೇಕಂತಿದ್ದೆ. ಖೇಡ್ ಮುಂದಿನ ಆಟದಾಗ ಮಾಡೋಣು ಅಂದ್ರು ನಮ್ಮ ಸಾಬ್ರು. ಮುಂದಿನ ಆಟ ಎಲ್ಲಿಂದ ಬರ್ತದ? ಅಕಿ ತಾಂಡೂರ ರೋಡಿನಾಗೇ ಉಳಿದ್ಲು. ಖರೆ ಬಸ್ಸಿನವ್ರೂ ಅಕೀಗಿ ಎಂದೂ ನಿಂದ್ರಿಸಿದವ್ರಲ್ರಿ. ನಿಮ್ಮ ಡ್ರೈವರ್ ಸಾಬ್ರಿಗಿ ಕೇಳ್ರಿ."

ಆಮೇಲೆ ಒಂದು ಕರಪತ್ರದ ಹಿಂದೆ ಉಪಾಯ ಬರೆದುಕೊಟ್ಟಳು: ನೆಟ್ಟಿನ ವಯರು ಕೀಳಬೇಕು; ಕಂಪ್ಯೂಟರಿನ ತಾರೀಖನ್ನು ಸ್ಟುಡಿಯೊ ಮುಚ್ಚುವುದಕ್ಕಿಂತ ಹಿಂದಕ್ಕೆ, ಜುಲೈಗೆ ಹಾಕಬೇಕು. ಆಟ ಮೋಸಹೋಗುತ್ತದೆ. "ಇನ್ನೊಂದು ಮಾತು," ಅಂದಳು. "ತಾಂಡೂರ ಪೂರಾ ಆಗಿಲ್ಲ. ಹೇಳಿಲ್ಲ ಅನ್ಬ್ಯಾಡ್ರಿ."

ಮೂವತ್ತನೇ ತಾರೀಖು ಮಧ್ಯಾಹ್ನ ಅಂಜಪ್ಪ ಖಾಕಿ ಇಸ್ತ್ರಿ ಮಾಡಿಸಿಕೊಂಡು ಬಂದ. ಹಿಂದೆಯೇ ಯೂನಿಯನ್ ಕಾರ್ಯದರ್ಶಿ ಪೋಚಪ್ಪ, ಅವನ ಹಿಂದೆ ಏಳೆಂಟು ಡ್ರೈವರು ಕಂಡಕ್ಟರುಗಳು. ಪೋಚಪ್ಪನ ಮುಖ ಗಂಭೀರವಾಗಿತ್ತು.

"ಅಂಜಪ್ಪಣ್ಣ, ತಪ್ಪು ತಿಳ್ಕೋಬ್ಯಾಡ್ರಿ. ಮುಷ್ಕರದಾಗ ಬಸ್ಸು ಓಡ್ಸಿದಂಗ ಆಗಲ್ಲೇನು ಇದು? ನಾಳಿ ಪೇಪರಿನಾಗ ಬಂದ್ರ?"

"ಇದು ಆಟರಿ," ಅಂದ ದೇವಿದಾಸ.

"ಆಟ ಖರೆ. ಖಾಕಿ ಹಾಕ್ಕೊಂಡಾರಲ್ಲ?"

ಚರ್ಚೆ ಸುಮಾರು ಹೊತ್ತು ನಡೆಯಿತು. ಇಷ್ಟು ದಿನ ಭಾಷಣ ಕೇಳಿ ಕೇಳಿ ಎಲ್ಲರಿಗೂ ವಾದ ಚೆನ್ನಾಗಿ ಬರುತ್ತಿತ್ತು. ಕೊನೆಗೆ ದೇವಿದಾಸ ಕಂಪ್ಯೂಟರಿನ ಮೂಲೆಯಲ್ಲಿದ್ದ ತಾರೀಖಿಗೆ ಬೆರಳಿಟ್ಟ.

"ಇಲ್ಲಿ ಈಗ ಜುಲೈ ಐದು. ಮುಷ್ಕರ ಎಲ್ಲಿ ಅದ?"

ಪೋಚಪ್ಪ ಬಗ್ಗಿ ನೋಡಿದ. "ಐದು ಬ್ಯಾಡ. ಐದು, ಆರು ಬಂದ್ ಇತ್ತು. ಹನ್ನೆರಡು ಹಾಕ್ರಿ."

ಹನ್ನೆರಡು ಹಾಕಿದರು. ಆಟ ಶುರುವಾಯಿತು. ಯಾರೋ ತಂದಿದ್ದ ಹಾರವನ್ನು ಮಾನಿಟರಿಗೆ ಹಾಕಿದರು. ಬಾಳೆಕಂಬಕ್ಕೆ ಅಂಗಡಿಯಲ್ಲಿ ಜಾಗವಿರಲಿಲ್ಲ. "ಪ್ಯಾಸೆಂಜರ್ ಮಾತ್ರ ಹತ್ತಿಸ್ಕೋಬ್ಯಾಡ್ರಿ," ಎಂದು ಪೋಚಪ್ಪ ಕೊನೆಯ ಷರತ್ತು ಹಾಕಿದ.

ಅಂಜಪ್ಪ ಸ್ಟಿಯರಿಂಗಿಗೆ ಕೈ ಮುಗಿದು ಹೊರಟ. ಪ್ರತಿ ಸ್ಟಾಪಿನಲ್ಲೂ ಜನ ಕೈ ಮಾಡುತ್ತಿದ್ದರು, ಬೈಯುತ್ತಿದ್ದರು. ಆಟ ಅಂಕ ಕಳೆಯುತ್ತಿತ್ತು. ಕೋಹೀರ್ ದಾಟಿದ ಮೇಲೆ ಬೇವಿನ ಗಿಡದ ಕೆಳಗಿಂದ ಸ್ವರೂಪಾಳ ಅಜ್ಜಿ ಬಂಡಮ್ಮನ ದನಿ ಬಂತು: "ನಿಂದರಪ್ಪೋ, ಓ ನಿಂದರು!" ಅಂಜಪ್ಪನ ಕಾಲು ಬ್ರೇಕಿನ ಮೇಲೆ ಹೋಗಿ ವಾಪಸು ಬಂತು. ಬಸ್ಸು ಮುಂದೆ ಹೋಯಿತು.

ನಾನು ಬೇಡವೆಂದುಕೊಂಡರೂ ಹೇಳಿದೆ. "ಅಕಿ ಸ್ವರೂಪಾನ ಆಯಿ. ಖರೆ ಬಸ್ಸಿನವ್ರೂ ನಿಂದ್ರಿಸಿಲ್ಲಂತ."

"ಫುಲ್ ಲೋಡ್ ಇರ್ತಿತ್ರಿ," ಅಂದ ಅಂಜಪ್ಪ. ಮುಂದಿನ ತಿರುವು ದಾಟಿದ ಮೇಲೆ, "ಯಾವಾಗ್ಲೂ ಇರ್ತಿರಲಿಲ್ಲ," ಅಂದ.

ತಾಂಡೂರು ಬರುವ ಕಡೆ ರಸ್ತೆ ಮುಗಿಯಿತು. ಊರಿಲ್ಲ, ಸ್ಟ್ಯಾಂಡಿಲ್ಲ, ಬರೀ ಬೂದು ಬಣ್ಣದ ಬಯಲು, ತಾಂಡೂರ ಕಲ್ಲಿನ ಒಂದೇ ಹಾಸು ಹಾಕಿದಂತೆ. ದೇವಿದಾಸ ತಾನೇ ತಪ್ಪು ಮಾಡಿದವನಂತೆ, "ಆತಲ್ರಿ, ಇಲ್ಲಿಗಿ ಬಂದ್ ಮಾಡೋಣು?" ಅಂದ.

"ಬಂದ್ ಹ್ಯಾಂಗ್ ಮಾಡ್ತಿ? ಬಸ್ಸು ಡಿಪೋಕ್ಕ ಒಯ್ದು ಹಚ್ಚಬೇಕಲ್ಲ," ಎಂದು ಅಂಜಪ್ಪ ಆ ಬಯಲಿನಲ್ಲಿ, ನೋಡುವವರಿಲ್ಲದಿದ್ದರೂ, ಇಂಡಿಕೇಟರ್ ಹಾಕಿ ತಿರುಗಿಸಿಕೊಂಡ.

ಎರಡು ಗಂಟೆಗೆ ಕರೆಂಟು ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಈಗ ಒಂದೂವರೆ. ಬೇವಿನ ಗಿಡ ಕಾಣಿಸಿದಾಗ ಬಂಡಮ್ಮ ರಸ್ತೆಯ ಈಚೆಗೆ ಬಂದು ಕೈ ಮಾಡುತ್ತಿದ್ದಳು. ಅಂಜಪ್ಪ ಬ್ರೇಕ್ ಹಾಕಿದ.

ಎಲ್ಲರೂ ಪೋಚಪ್ಪನನ್ನು ನೋಡಿದರು. ಪೋಚಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತ ನಿಂತುಬಿಟ್ಟ. "ಟಿಕೆಟ್ ಕೊಡಬ್ಯಾಡ್ರಿ," ಅಂದ, ತಿರುಗದೆ.

ಮುದುಕಿ ಹತ್ತಲು ಬಹಳ ಹೊತ್ತು ಹಿಡಿಯಿತು. ಈ ಆಟದಲ್ಲಿ ಆಕೆ ಹತ್ತುವುದನ್ನು ದೇವಿದಾಸನೂ ಕಂಡಿರಲಿಲ್ಲ. ಬಾಯಿ ತೆರೆದು ನೋಡುತ್ತಿದ್ದ. ಹತ್ತಿದವಳು ಸೀಟಿನ ಕಂಬಿ ಹಿಡಿದು ಕೇಳಿದಳು:

"ಖೇಡಕ್ಕ ಹೋಗ್ತದೇನಪ್ಪಾ?"

ಉತ್ತರಿಸಲು ಆಟದಲ್ಲಿ ಯಾವ ಗುಂಡಿಯೂ ಇರಲಿಲ್ಲ.

"ಇಲ್ಲವಾ," ಅಂದ ಅಂಜಪ್ಪ ಗಟ್ಟಿಯಾಗಿ. "ಜಹೀರಾಬಾದ್ ತನಕ ಕುಂದರು. ಅಲ್ಲಿಂದ ಖೇಡಕ್ಕ ಬ್ಯಾರೆ ಬಸ್ಸದ."

"ಎಲ್ಲಿ ಅದರಿ ಬಸ್ಸು?" ಅಂದ ಪೋಚಪ್ಪ, ಈಗ ತಿರುಗಿ.

"ಜುಲೈದಾಗ ಅದ," ಎಂದು ಅಂಜಪ್ಪ ಗೇರು ಹಾಕಿದ.